ಮೈಕ್ ಯಾರ ಕೈಯಲ್ಲಿತ್ತು

ಸಿಟ್ಟು ಬಂದಾಗ ಮಾತ್ರ ನಾನು ನನ್ನ ಗಂಡನನ್ನು ‘ನೀನು’ ಎನ್ನುತ್ತೇನೆ. ಹದಿಮೂರು ವರ್ಷದ ಸಂಸಾರದಲ್ಲಿ ಹಾಗೆ ಅಂದದ್ದು ಬೆರಳೆಣಿಕೆಯಷ್ಟು ಸಲ. ಈ ಎರಡು ತಿಂಗಳಲ್ಲಿ ಎಣಿಸುವುದನ್ನೇ ಬಿಟ್ಟಿದ್ದೇನೆ. ಇಲ್ಲಿಯೂ ‘ಅವನು’ ಎಂದೇ ಬರೆಯುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಅವನು ಡಿಜೆ. ವಾರವಿಡೀ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ವೈರು ಸುತ್ತುತ್ತಾನೆ, ಶನಿವಾರ ಸಂಜೆ ಐದರಿಂದ ಏಳರವರೆಗೆ ಒಂದು ಕ್ಲಬ್ಬಿನ ತಾರಸಿಯಲ್ಲಿ ಹಾಡು ಹಾಕುತ್ತಾನೆ. ಆ ಎರಡು ಗಂಟೆಗಾಗಿ ಉಳಿದ ಆರು ದಿನ ಬದುಕುವವನು. ನಾನು ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ. ಗಾಜಿನ ಗೂಡಿನಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಬೀಪ್ ಕೇಳಿಸಿದರೆ ಬಟನ್ ಒತ್ತಿ ಎನ್ನುವುದು ನನ್ನ ಕೆಲಸ. ಅತ್ತೆ ಶಾಲೆಯೊಂದರಲ್ಲಿ ಮೂವತ್ತು ವರ್ಷ ಬ್ಯಾಂಡ್ ಟೀಚರ್ ಆಗಿ ನಿವೃತ್ತರಾದವರು. ಅವರ ವಾದ್ಯ ಕ್ಲಾರಿನೆಟ್. ನಲವತ್ತು ಮಕ್ಕಳು ಒಟ್ಟಿಗೆ ಊದುತ್ತಿದ್ದರೂ ಮೂರನೇ ಸಾಲಿನ ಯಾವ ಹುಡುಗಿಯ ಸ್ವರ ಕೂದಲೆಳೆಯಷ್ಟು ಇಳಿದಿದೆ ಎಂದು ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದರಂತೆ. ಇನ್ನುಳಿದವಳು ನಮ್ಮ ಹನ್ನೊಂದು ವರ್ಷದ ಮಗಳು. ಬಾಯಿಗೆ ಬೀಗವಿಲ್ಲದ್ದರಿಂದ ಎಲ್ಲರೂ ಅವಳನ್ನು ಪಟಾಕಿ ಎನ್ನುತ್ತಾರೆ. ಎರಡು ಕೋಣೆ, ಒಂದು ಅಡುಗೆಮನೆ, ನಾಲ್ಕು ಜನ. ಗುಟ್ಟು ಬಚ್ಚಿಡುವಷ್ಟು ಜಾಗ ನಮ್ಮ ಮನೆಯಲ್ಲಿಲ್ಲ.

ಶುರುವಾದದ್ದು ಒಂದು ಭಾನುವಾರ, ಊಟದ ಮೇಜಿನ ಮೇಲೆ.

“ಮ್ಯಾನೇಜರ್ ಹೊಸ ತಲೆನೋವು ತಂದಿದ್ದಾನೆ. ಬರೀ ಹಾಡು ಹಾಕಿದ್ರೆ ಸಾಲದಂತೆ. ಈಗ ಎಲ್ಲಾ ಕಡೆ ಡಿಜೆ ಪಕ್ಕ ಒಬ್ರು ವಾದ್ಯ ನುಡಿಸ್ತಾರಂತೆ. ಇಲ್ಲೂ ಲೈವ್ ಬೇಕು, ಇಲ್ದಿದ್ರೆ ಶನಿವಾರ ಬೇರೆಯವರಿಗೆ ಕೊಡ್ತೀನಿ ಅಂದ.”

“ಕೊಡ್ಲಿ ಬಿಡಿ. ಶನಿವಾರ ಪರದೆ ಒಗೆಯೋಕೆ ಮನೇಲಿ ಒಬ್ರು ಸಿಗ್ತಾರೆ” ಎಂದೆ.

ಅವನು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಅಮ್ಮಾ, ನೀನು ಬರ್ತೀಯಾ?”

ಅತ್ತೆ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದರು. “ಎಲ್ಲಿಗೋ?”

“ಕ್ಲಬ್ಬಿಗೆ. ಕ್ಲಾರಿನೆಟ್ ತಗೊಂಡು.”

“ನನ್ನ ವಯಸ್ಸೆಷ್ಟು ಗೊತ್ತಾ ನಿಂಗೆ?”

“ಅರವತ್ತಮೂರು. ಅದೇ ಚೆಂದ. ಜನ ಮೊಬೈಲ್ ಎತ್ಕೊಂಡು ಓಡಿ ಬರ್ತಾರೆ.”

“ಅಂದ್ರೆ ನನ್ನ ನರೆಗೂದಲನ್ನ ಕರೀತಿದ್ದೀಯೋ, ಕ್ಲಾರಿನೆಟ್ಟನ್ನೋ?”

“ಎರಡನ್ನೂ” ಎಂದ. ಅತ್ತೆ ನಕ್ಕುಬಿಟ್ಟರು. ಆ ಮಾತು ನನಗೆ ಅಲ್ಲೇ ಚುಚ್ಚಬೇಕಿತ್ತು. ನಾನೂ ನಕ್ಕೆ.

ಎರಡು ವಾರ ಮನೆಯಲ್ಲಿ ಅಭ್ಯಾಸ ನಡೆಯಿತು. ಊಟದ ಮೇಜಿನ ಮೇಲೆ ಅವನ ಲ್ಯಾಪ್‌ಟಾಪು, ಸ್ಪೀಕರು. ನನ್ನ ತರಕಾರಿ ಹೆಚ್ಚುವ ಮಣೆ ನೆಲಕ್ಕಿಳಿಯಿತು. ನಿವೃತ್ತಿಯಾದ ಮೇಲೆ ಪೆಟ್ಟಿಗೆಯಲ್ಲೇ ಮಲಗಿದ್ದ ಕ್ಲಾರಿನೆಟ್ಟಿಗೆ ಅತ್ತೆ ಊದುವ ತುದಿಗೆ ಬಿಗಿಯುವ ಹೊಸ ಬೆತ್ತದ ರೀಡು ತಂದರು, ಬ್ಯಾಂಡಿನ ದಿನಗಳ ಕಪ್ಪು ಕೋಟನ್ನು ಬಿಸಿಲಿಗೆ ಹಾಕಿದರು. ಅವನು ಹಾಡಿನ ವೇಗ ಏರಿಸಿದರೂ ಇಳಿಸಿದರೂ ಅವರ ಸ್ವರ ಅದರೊಳಗೆ ಸಕ್ಕರೆ ಹಾಲಿನಲ್ಲಿ ಕರಗಿದಂತೆ ಕರಗುತ್ತಿತ್ತು. ಕೇಳಿ ತಿದ್ದಿಕೊಳ್ಳಲು ಎಂದು ಅವನು ಎಲ್ಲವನ್ನೂ ರೆಕಾರ್ಡ್ ಮಾಡಿದ. ಒಂದು ದಿನ ನಡುವೆ ಕುಕ್ಕರ್ ಸೀಟಿ ಹೊಡೆಯಿತು.

“ಆರಿಸಲಾ?” ಎಂದು ಅಡುಗೆಮನೆಯಿಂದ ಕೂಗಿದೆ.

“ಬೇಡ ಬೇಡ, ಇದು ಬರೀ ನಮಗೆ ತಾನೇ!” ಎಂದ.

ಮೊದಲ ಶನಿವಾರ ನಾವೆಲ್ಲ ಹೋದೆವು. ತಾರಸಿಯ ಸುತ್ತ ಕಂಬಿ, ಕಂಬಿಗೆ ಸುತ್ತಿದ ಬಲ್ಬಿನ ಸರ, ಪ್ಲಾಸ್ಟಿಕ್ ಲೋಟ ಹಿಡಿದ ಆಫೀಸಿನ ಜನ. ಅತ್ತೆಯ ಮುಂದೆ ಒಂದು ಮೈಕು, ಪಕ್ಕದಲ್ಲಿ ಮಗ. ಮೊದಲೆರಡು ಹಾಡಿಗೆ ಜನ ನಿಜವಾಗಿಯೂ ಮೊಬೈಲ್ ಎತ್ತಿಕೊಂಡು ಬಂದರು. ಪಟಾಕಿ ಕುರ್ಚಿಯ ಮೇಲೆ ನಿಂತು “ಅದು ನನ್ನಜ್ಜಿ!” ಎಂದು ಗುರುತು ಪರಿಚಯವಿಲ್ಲದವರಿಗೆಲ್ಲ ಹೇಳಿದಳು.

ಮೂರನೆಯ ಹಾಡಿಗೆ ಜನರ ಕಾಲು ಬಿಸಿಯಾಯಿತು. ಅವನು ವೇಗ ಏರಿಸಿದ. ಕ್ಲಾರಿನೆಟ್ಟು ಹಾಡಿನಿಂದ ಕಳಚಿಕೊಂಡಿತು. ಸಂಗೀತ ಗೊತ್ತಿಲ್ಲದ ನನಗೂ ಹಲ್ಲು ಜುಮ್ಮೆಂದಿತು. ಊದುವ ತುದಿಯ ಕೆಳಗೊಂದು ಚಿಕ್ಕ ತುಂಡಿರುತ್ತದೆ, ಒಳಕ್ಕೆ ತಳ್ಳಿದರೆ ಸ್ವರ ತುಸು ಏರುತ್ತದೆ. ಅತ್ತೆ ಅದನ್ನು ಪೂರ್ತಿ ತಳ್ಳಿದರು. ಇನ್ನು ತಳ್ಳಲು ಜಾಗವಿರಲಿಲ್ಲ. ತುಟಿ ಬಿಗಿದರು, ಕತ್ತಿನ ನರ ಉಬ್ಬಿತು, ಮಗನ ಮುಖ ನೋಡಿದರು. ಅವನು ಹೆಬ್ಬೆರಳು ಎತ್ತಿ ‘ಮೇಲೆ, ಮೇಲೆ’ ಎಂದು ತೋರಿಸಿದ. ಮುಂದಿದ್ದ ಹುಡುಗಿಯೊಬ್ಬಳು ಕಿವಿ ಮುಚ್ಚಿಕೊಂಡಳು. ಆಗ ಅವನು ಮೈಕು ತೆಗೆದುಕೊಂಡ.

“ಕ್ಷಮಿಸ್ಬೇಕು, ಇವ್ರು ನಮ್ಮಮ್ಮ! ವಯಸ್ಸಾಯ್ತು, ಉಸಿರು ಸಾಲ್ತಿಲ್ಲ, ಕಿವೀನೂ ಅಷ್ಟಕ್ಕಷ್ಟೇ! ಒಂದು ಜೋರಾದ ಚಪ್ಪಾಳೆ ಕೊಟ್ಬಿಡಿ, ಖುಷಿಯಾಗಿ ಮನೆಗೆ ಹೋಗ್ತಾರೆ!”

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಅತ್ತೆ ತಲೆಬಾಗಿಸಿ, ಕ್ಲಾರಿನೆಟ್ಟನ್ನು ಎದೆಗವಚಿಕೊಂಡು ಕೆಳಗಿಳಿದರು.

ಮನೆಗೆ ಬಂದು ಅನ್ನಕ್ಕೆ ಕೈ ಹಾಕುವ ಮುಂಚೆ ಅತ್ತೆ ಕೇಳಿದರು.

“ತಪ್ಪಿದ್ದು ನಾನೇನೋ? ಮನೇಲಿ ಸರಿಯಿತ್ತಲ್ಲ.”

“ಅಮ್ಮಾ, ಕಂಪ್ಯೂಟರ್ ಎಲ್ಲಾದ್ರೂ ಶ್ರುತಿ ತಪ್ಪುತ್ತಾ?” ಎಂದ ಅವನು. “ಹೋಗ್ಲಿ ಬಿಡು. ಮ್ಯಾನೇಜರ್‌ಗೆ ನಾನು ಹೇಳಿದ್ದೀನಿ, ಇನ್ನೊಂದು ಅವಕಾಶ ಕೊಡ್ತಾನೆ. ಮೂರು ವಾರ ಬಿಟ್ಟು.”

ಆ ಒಂದು ಮಾತು ಅತ್ತೆಯನ್ನು ತಿಂದುಹಾಕಿತು. ದಿನಾ ಮಧ್ಯಾಹ್ನ ಬಚ್ಚಲುಮನೆಗೆ ಹೋಗಿ, ಬಾಗಿಲ ಸಂದಿಗೆ ಟವೆಲ್ ತುರುಕಿ ಊದುತ್ತಿದ್ದರಂತೆ. ಪೆಟ್ಟಿಗೆ ತುಂಬ ರೀಡು ಬದಲಾಯಿಸಿದರು. ಮೊಮ್ಮಗಳ ಕೈಯಲ್ಲಿ ಚಮಚ ಕೊಟ್ಟು ಲೋಟ, ತಟ್ಟೆ, ಕಿಟಕಿಯ ಸರಳು ಎಲ್ಲಕ್ಕೂ ಹೊಡೆಸಿ, ಇದು ಯಾವ ಸ್ವರ ಅದು ಯಾವ ಸ್ವರ ಎಂದು ತಮ್ಮ ಪರೀಕ್ಷೆಯನ್ನು ತಾವೇ ಮಾಡಿಕೊಂಡರು. ನನಗೆ ಸಂಕಟವಾದದ್ದು ಇನ್ನೊಂದಕ್ಕೆ. ಅಡುಗೆ ಮಾಡುತ್ತ ಅವರು ನನ್ನನ್ನು ಕೇಳತೊಡಗಿದರು: “ಉಪ್ಪು ಹಾಕಿದ್ನಾ? ರುಚಿ ನೋಡು. ಈಗೀಗ ನನ್ನ ಮೇಲೇ ನನಗೆ ನಂಬಿಕೆಯಿಲ್ಲ ಕಣೆ.” ಇಪ್ಪತ್ತು ಜನರ ಅಡುಗೆಗೆ ಕೈಯಳತೆಯಲ್ಲಿ ಉಪ್ಪು ಹಾಕುತ್ತಿದ್ದ ಹೆಂಗಸು!

ಎರಡನೆಯ ವಾರ ಕ್ಲಿನಿಕ್ಕಿನಲ್ಲಿ ಒಂಬತ್ತನೆಯ ಟೋಕನ್ ಕೂಗಿದಾಗ ಎದ್ದು ಬಂದವರು ಅತ್ತೆ. ನನಗೆ ಹೇಳಿರಲಿಲ್ಲ. ಎಲ್ಲರಂತೆ ಬೆಂಚಿನ ಮೇಲೆ ಸರದಿ ಕಾದು ಕೂತಿದ್ದರು.

“ಅತ್ತೆ, ಮನೇಲೇ ಹೇಳೋದಲ್ವಾ?”

“ಮನೇಲಿ ಹೇಳಿದ್ರೆ ನೀನು ಸಮಾಧಾನ ಹೇಳ್ತೀಯ. ಇಲ್ಲಾದ್ರೆ ಕಾಗದದ ಮೇಲೆ ಬರುತ್ತೆ.”

ಗಾಜಿನ ಗೂಡಿನಲ್ಲಿ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತರು. ಬೀಪ್ ಬಂದ ಕೂಡಲೆ ಒತ್ತುತ್ತಿದ್ದರು. ತೀರ ತೆಳ್ಳನೆಯ ಸದ್ದುಗಳಲ್ಲಿ ವಯಸ್ಸಿಗೆ ತಕ್ಕಷ್ಟು ಇಳಿತ, ಅಷ್ಟೇ. ಪರೀಕ್ಷೆಯಲ್ಲಿ ಇಲ್ಲದಿದ್ದರೂ ನಾನು ಕಂಪ್ಯೂಟರಿನಿಂದ ಎರಡೆರಡು ಸ್ವರಗಳನ್ನು ಕೂದಲೆಳೆಯ ಅಂತರದಲ್ಲಿ ಕೇಳಿಸಿ, ಯಾವುದು ಮೇಲೆ ಎಂದೆ. ಹತ್ತಕ್ಕೆ ಹತ್ತು ಸರಿ. ನನಗೆ ಆರು ಮಾತ್ರ ಗೊತ್ತಾಗಿದ್ದವು.

“ಕಿವಿ ಚಿನ್ನದಂಗಿದೆ ಅತ್ತೆ” ಎಂದು ಕಾಗದ ಕೊಟ್ಟೆ.

ಅವರು ಅದನ್ನು ಬಹಳ ಹೊತ್ತು ನೋಡಿದರು. “ಹಾಗಾದ್ರೆ ತಲೆ ಕೆಟ್ಟಿದೆ” ಎಂದು ಎದ್ದು ಹೋದರು.

ಆ ಸಂಜೆ ಬಟ್ಟೆ ಮಡಿಸುತ್ತ ನಾನು ಗೊಣಗಿದೆ: “ಕಿವಿ ಸರಿಯಿದೆ, ರೀಡು ಸರಿಯಿದೆ, ಇನ್ಯಾವುದು ತಪ್ಪಿದ್ದು?”

ಕಾಲುಚೀಲದ ಜೋಡಿ ಹುಡುಕುತ್ತಿದ್ದ ಪಟಾಕಿ ತಲೆಯೆತ್ತದೆ ಹೇಳಿದಳು: “ಅಪ್ಪ ಬಟನ್ ಒತ್ತೋದು ಮರೆತಿದ್ರಲ್ಲ, ಅದಕ್ಕೇ.”

“ಯಾವ ಬಟನ್ನೇ?”

“ಕೀ ಲಾಕ್. ಮಾರನೇ ದಿನಾನೇ ಫ್ರೆಂಡ್ ಹತ್ರ ಫೋನಲ್ಲಿ ಹೇಳಿ ನಗ್ತಿದ್ರು. ನಿಂಗೂ ಗೊತ್ತು ಅನ್ಕೊಂಡಿದ್ದೆ.”

ಹಾಡನ್ನು ಬೇಗ ಓಡಿಸಿದರೆ ಅದರ ಸ್ವರವೂ ಮೇಲೇರುತ್ತದೆ. ಹಾಗೆ ಏರದಂತೆ ಹಿಡಿದಿಡುವ ಬಟನ್ ಅದು. ಮನೆಯ ಲ್ಯಾಪ್‌ಟಾಪಿನಲ್ಲಿ ಅದು ಸದಾ ಒತ್ತಿದಂತೆಯೇ ಇರುತ್ತದೆ. ಕ್ಲಬ್ಬಿನ ಯಂತ್ರದಲ್ಲಿ ಕೈಯಾರೆ ಒತ್ತಬೇಕು. ಒಬ್ಬನೇ ಹಾಡು ಹಾಕುವವನಿಗೆ ಅದು ಬೇಕಾಗುವುದಿಲ್ಲ, ಹಾಗಾಗಿ ಅವನ ಬೆರಳಿಗೆ ಅಭ್ಯಾಸವಿರಲಿಲ್ಲ. ಇಷ್ಟನ್ನೂ ಆಮೇಲೆ ನನಗೆ ಅವನೇ ಹೇಳಿದ, ಚಹಾ ಹೀರುತ್ತ, ಯಾರದೋ ಅಂಗಡಿಯ ಮಿಕ್ಸರ್ ಕೆಟ್ಟ ಕಥೆ ಹೇಳುವಂತೆ.

“ಅಂದ್ರೆ ಅವ್ರು ತಪ್ಪಿಲ್ಲ. ನಿನ್ನ ಹಾಡೇ ಮೇಲೆ ಹೋಗಿದ್ದು.”

“ಹೌದು, ಒಂದು ಅರ್ಧ ಸ್ವರದ ಹತ್ತಿರ.”

“ಗೊತ್ತಿದ್ದೂ ಅವ್ರನ್ನ ಬಚ್ಚಲಲ್ಲಿ ಊದೋಕೆ ಬಿಟ್ಟಿದ್ದೀಯಾ? ಇವತ್ತು ಅವ್ರು ನನ್ನ ಗೂಡಲ್ಲಿ ಬಂದು ಕೂತಿದ್ರು, ಗೊತ್ತಾ ನಿಂಗೆ?”

“ಮೆಲ್ಲಗೆ ಮಾತಾಡು. ತಪ್ಪು ನಂದು ಅಂತ ಗೊತ್ತಾದ್ರೆ ಮ್ಯಾನೇಜರ್ ಶನಿವಾರ ಕಿತ್ಕೋತಾನೆ. ಅಮ್ಮಂದು ಅಂದ್ರೆ ವಯಸ್ಸಾಯ್ತು ಅಂತ ಸುಮ್ನಾಗ್ತಾನೆ. ಈ ಸಲದ್ದು ಮುಗೀಲಿ, ನಾನೇ ಹೇಳ್ತೀನಿ. ಪ್ರಾಮಿಸ್. ನೀನು ಈಗ ಹೇಳಿದ್ರೆ ಅಮ್ಮ ಸಿಟ್ಟಲ್ಲಿ ಬರೋದೇ ಇಲ್ಲ.”

ನಾನು ಸುಮ್ಮನಾದೆ. ಈ ಕಥೆಯಲ್ಲಿ ಬರೆಯಲು ನನಗೆ ಕಷ್ಟವಾಗುವ ಸಾಲು ಇದೊಂದೇ. ಶನಿವಾರ ಕೈತಪ್ಪಿದರೆ ಅವನು ವಾರವೆಲ್ಲ ಬಾಲ ಸುಟ್ಟ ಬೆಕ್ಕಿನಂತೆ ಮನೆ ಸುತ್ತುತ್ತಾನೆ, ಅದನ್ನು ಅನುಭವಿಸುವವಳು ನಾನು ಎಂಬ ನೆಪವಿತ್ತು. ಪಟಾಕಿಯ ಬಾಯಿಗೂ ಬೆರಳಿಟ್ಟೆ. ಒಂಬತ್ತು ದಿನ ಅತ್ತೆ “ಉಪ್ಪು ಹಾಕಿದ್ನಾ?” ಎಂದು ಕೇಳಿದಾಗೆಲ್ಲ, ಗೊತ್ತಿದ್ದ ನಾನು “ಹಾಕಿದ್ದೀರಿ ಅತ್ತೆ” ಎಂದು ಅದಕ್ಕೆ ಮಾತ್ರ ಉತ್ತರ ಕೊಟ್ಟೆ.

ಎರಡನೆಯ ಶನಿವಾರ ಅತ್ತೆ ಸೊಗಸಾಗಿ ನುಡಿಸಿದರು. ಹಾಗೆಂದು ನಾವು ತಿಳಿದೆವು. ವೇಗ ಏರಿತು, ಕ್ಲಾರಿನೆಟ್ಟೂ ಜೊತೆಗೇ ಓಡಿತು, ಒಂದು ಸ್ವರವೂ ಜಾರಲಿಲ್ಲ. ಬಟನ್ ಒತ್ತಿದ್ದಾನೆ ಎಂದು ನಾನು ನಿರಾಳವಾದೆ.

ನಾಲ್ಕನೆಯ ಹಾಡಿನ ನಡುವೆ ಅತ್ತೆಯ ಹುಬ್ಬು ಗಂಟಿಕ್ಕಿತು. ತಮಗೆ ಹೊಳೆದ ಒಂದು ಹೊಸ ತಿರುವು ಹಾಕಿದರಂತೆ, ಅದು ಸ್ಪೀಕರಿನಲ್ಲಿ ಬರಲಿಲ್ಲವಂತೆ. ಇನ್ನೊಮ್ಮೆ ಹಾಕಿ ನೋಡಿದರಂತೆ. ಆಮೇಲೆ ವಾದ್ಯವನ್ನು ಬಾಯಿಂದ ತೆಗೆದರು.

ಕ್ಲಾರಿನೆಟ್ಟು ನಿಲ್ಲಲಿಲ್ಲ.

ಅತ್ತೆ ಅದನ್ನು ಕೆಳಗಿಟ್ಟು, ಕೈಕಟ್ಟಿ ನಿಂತು ಮಗನನ್ನೇ ನೋಡಿದರು. ಸ್ಪೀಕರುಗಳಲ್ಲಿ ಅವರದೇ ಉಸಿರು, ಅವರದೇ ಬೆರಳು, ತಾರಸಿ ತುಂಬ. ಅವರ ಮೈಕು ಆ ಸಂಜೆಯಿಡೀ ಸತ್ತಿತ್ತು. ಆಗ ತಾಳದ ನಡುವೆ ಒಂದು ಕುಕ್ಕರ್ ಸೀಟಿ ಹೊಡೆಯಿತು. ನಮ್ಮ ಮನೆಯ ಕುಕ್ಕರು. ಆ ಸೀಟಿಯ ಕೊನೆಯಲ್ಲಿ ಕೆಮ್ಮಿದಂತೆ ಒಂದು ಎಳೆತವಿದೆ, ನನಗದು ನಿದ್ದೆಯಲ್ಲೂ ಗೊತ್ತಾಗುತ್ತದೆ. ಮತ್ತೆ ಏನಾದರೂ ತಪ್ಪೀತೆಂಬ ಭಯಕ್ಕೆ ಅವನು ಮನೆಯ ಅಭ್ಯಾಸದ ರೆಕಾರ್ಡಿಂಗನ್ನೇ ಓಡಿಸಿದ್ದ.

ಜನ ಹುಯ್ಯೆಂದು ಕೂಗಿದರು, ಸೀಟಿಗೆ ಸೀಟಿ ಹೊಡೆದರು. ಎಲ್ಲವೂ ಬೇಕೆಂದೇ ಹೂಡಿದ ತಮಾಷೆ ಎಂದುಕೊಂಡರು. ಅತ್ತೆ ಅಷ್ಟು ಚಪ್ಪಾಳೆಯನ್ನು ತಮ್ಮ ಜೀವನದಲ್ಲೇ ಕಂಡಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅನ್ನ, ಬೇಳೆ, ಆಲೂಗಡ್ಡೆ ಪಲ್ಯ. ಅತ್ತೆ ಯಾರನ್ನೂ ಕೇಳದೆ ಉಪ್ಪು ಹಾಕಿದ್ದರು, ಸ್ವಲ್ಪ ಹೆಚ್ಚೇ. ಯಾರೂ ಸೊಲ್ಲೆತ್ತಲಿಲ್ಲ. ಅವನ ಫೋನು ಬಂತು. ಅದನ್ನು ಹಿಡಿದು ಹೊರಗೆ ಹೋದವನು ಹಲ್ಲು ಕಿರಿಯುತ್ತ ಒಳಗೆ ಬಂದ.

“ಅಮ್ಮಾ! ಮ್ಯಾನೇಜರ್ ಬಿದ್ದು ಬಿದ್ದು ನಗ್ತಿದ್ದಾನೆ. ನೀನು ಕೈಕಟ್ಟಿ ನಿಂತಿದ್ದು, ಆ ಸೀಟಿ, ವಿಡಿಯೋ ಎಲ್ಲಾ ಕಡೆ ಹೋಗಿದೆಯಂತೆ. ಪ್ರತಿ ಶನಿವಾರ ಅದನ್ನೇ ಮಾಡಿ ಅಂತಾನೆ. ನೀನು ಊದೋದೂ ಬೇಡ, ಸುಮ್ನೆ ನಿಂತ್ರೆ ಸಾಕು!”

ನನ್ನ ಮೈಯೆಲ್ಲ ಉರಿದುಹೋಯಿತು.

“ಹೇಳು. ಈಗ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ” ಎಂದೆ.

“ಏನು ಹೇಳೋದು?” ಎಂದರು ಅತ್ತೆ.

ಅವನು ತಟ್ಟೆ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಪಟಾಕಿ ಸಿಡಿದಳು: “ಅಜ್ಜೀ, ಮೊದಲನೇ ಸಲ ನೀನು ತಪ್ಪಿರ್ಲಿಲ್ಲ. ಅಪ್ಪ ಬಟನ್ ಒತ್ತಿರ್ಲಿಲ್ಲ, ಹಾಡೇ ಮೇಲೆ ಹೋಗಿತ್ತು. ಮಾರನೇ ದಿನ ಫೋನಲ್ಲಿ ಅದನ್ನ ಹೇಳಿ ನಗ್ತಿದ್ರು. ಅಮ್ಮಂಗೂ ಗೊತ್ತು.”

ಅತ್ತೆ ಕೈ ತೊಳೆದು ಬಂದರು. ಲ್ಯಾಪ್‌ಟಾಪನ್ನು ತಟ್ಟೆಗಳ ನಡುವೆ ಇಡಿಸಿದರು. “ಆ ಹಾಡು ಹಾಕು. ಬಟನ್ ತೆಗಿ. ಅವತ್ತಿನಷ್ಟೇ ವೇಗ ಮಾಡು.” ಕ್ಲಾರಿನೆಟ್ ಜೋಡಿಸಿ ಊದಿದರು. ಅದೇ ಹಲ್ಲು ಜುಮ್ಮೆನ್ನುವ ಸದ್ದು. “ಈಗ ಒತ್ತು.” ಒತ್ತಿದ. ಹಾಡು ಅವರ ಸ್ವರಕ್ಕೆ ಬಂದು ಕೂತಿತು. ಅವರು ನಾಲ್ಕು ಸಾಲು ಪೂರ್ತಿ ನುಡಿಸಿ, ಕೆಳಗಿಟ್ಟು, ಮೊದಲು ನನ್ನ ಕಡೆ ತಿರುಗಿದರು.

“ನಿನಗೆ ಯಾವತ್ತಿಂದ ಗೊತ್ತು?”

“ಒಂಬತ್ತು... ಒಂಬತ್ತು ದಿನ ಸುಮ್ನಿದ್ದೆ ಅತ್ತೆ. ನನ್ನ ತಪ್ಪು. ಹೇಳ್ಬೇಕಿತ್ತು. ಸಂಸಾರ ನಡೀಲಿ ಅಂತ ಬಾಯಿ ಮುಚ್ಕೊಂಡೆ.”

“ಕಾಗದದ ಮೇಲೆ ಬರೆದುಕೊಟ್ಟವಳು ನೀನು. ನಿನ್ನ ಯಂತ್ರ ಹೇಳಿದ ನಿಜಾನ ನೀನು ಹೇಳ್ಲಿಲ್ಲವಲ್ಲೇ.”

ಅವರು ಮಗನ ಕಡೆ ತಿರುಗಿದರು.

“ಅಮ್ಮಾ, ಸಾರಿ. ಆಯ್ತಾ? ನಿನ್ನ ಕಾಲಿಗೆ ಬೇಕಾದ್ರೂ ಬೀಳ್ತೀನಿ.”

“ಕಾಲು ಇಲ್ಲೇ ಇರುತ್ತೆ, ಅದಕ್ಕೆ ಅವಸರ ಇಲ್ಲ. ಶನಿವಾರ ಮೈಕ್ ತಗೊಂಡು ಹೇಳು. ಅವತ್ತು ತಪ್ಪಿದ್ದು ನಮ್ಮಮ್ಮ ಅಲ್ಲ, ನಾನು ಅಂತ.”

“ಅಷ್ಟು ಜನರೆದುರಾ? ನನ್ನ ಮಾನ ಏನಾಗ್ಬೇಕು?”

“ನನ್ನದು ಹೋದಾಗ ಮೈಕ್ ಯಾರ ಕೈಯಲ್ಲಿತ್ತೋ?” ಅತ್ತೆಯ ದನಿ ಮೊದಲ ಸಲ ಏರಿತು. ನಲವತ್ತು ಮಕ್ಕಳನ್ನು ಒಂದೇ ಏಟಿಗೆ ನಿಲ್ಲಿಸುತ್ತಿದ್ದ ದನಿ. “ಮೂರು ವಾರ! ನನ್ನ ಕಿವಿ ಸತ್ತಿದೆ, ತಲೆ ಕೆಟ್ಟಿದೆ ಅಂತ ಮೂರು ವಾರ ನಾನು ಬಚ್ಚಲಲ್ಲಿ ನಿಂತು ಅತ್ತಿದ್ದೀನಿ. ನೀನು ಪಕ್ಕದ ಕೋಣೇಲಿ ಫೋನಲ್ಲಿ ನಗ್ತಿದ್ದೆ. ಮಗ ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ ನಂಗೆ.”

ಅವನು ಕುರ್ಚಿ ದಬ್ಬಿ ಎದ್ದು ಹೋದ.

ಆ ವಾರ ಮನೆ ಒಡೆದು ಎರಡು ಒಲೆ ಉರಿಯದಿದ್ದದ್ದೇ ಹೆಚ್ಚು. ಅವನು ಹೊರಗೆ ತಿಂದು ಬರುತ್ತಿದ್ದ. ಅತ್ತೆ ನನ್ನೊಂದಿಗೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದರು: ಹಾಲು ಬಂತು, ಬಟ್ಟೆ ಒಣಗಿದೆ. ಆದರೆ ಬಚ್ಚಲಿಗೆ ಹೋಗುವುದನ್ನು ಬಿಟ್ಟರು. ಹಾಲ್‌ನಲ್ಲಿ, ಕಿಟಕಿ ತೆರೆದು ಊದುತ್ತಿದ್ದರು. ಎದುರು ಮನೆಯವರು ಇಣುಕಿದರೆ ಇಣುಕಲಿ. ಗುರುವಾರ ಅವನು ಶೂ ಬಿಚ್ಚುತ್ತಿದ್ದಾಗ ಹೇಳಿದರು: “ನಿನ್ನ ಲ್ಯಾಪ್‌ಟಾಪಲ್ಲಿದ್ದ ನನ್ನ ರೆಕಾರ್ಡಿಂಗ್ ಎಲ್ಲಾ ಅಳಿಸಿ ಹಾಕ್ಸಿದ್ದೀನಿ. ಮೊಮ್ಮಗಳು ಅಳಿಸಿದ್ಳು, ನಾನು ಹೇಳ್ದೆ. ನಿನ್ನ ಹಾಗೆ ಕದ್ದು ಮಾಡಿಲ್ಲ, ಮುಖದ ಮೇಲೆ ಹೇಳ್ತಿದ್ದೀನಿ.”

“ಪೂರ್ತಿ?”

“ಕುಕ್ಕರ್ ಸಮೇತ.”

ಶನಿವಾರ ಅವನು ಒಬ್ಬನೇ ಹೋದ. ನನ್ನನ್ನು ಕರೆದ, ನಾನು ಹೋಗಲಿಲ್ಲ. ಅತ್ತೆಯೊಡನೆ ಕೂತು ಬಟಾಣಿ ಬಿಡಿಸಿದೆ. ಅವರು ಬೇಡ ಎನ್ನಲಿಲ್ಲ, ಅದೇ ದೊಡ್ಡದು. ಏಳೂವರೆಗೆ ಬಾಗಿಲ ಸದ್ದಾಯಿತು. ಅವನ ಮುಖ ಬಹಳ ದಿನದ ಮೇಲೆ ಹಗುರಾಗಿತ್ತು.

“ಹೇಳ್ದೆ ಅಮ್ಮಾ. ಮೈಕಲ್ಲೇ ಹೇಳ್ದೆ. ಅವತ್ತು ತಪ್ಪಿದ್ದು ನಾನು ಅಂತ.”

ಅತ್ತೆಯ ಬೆರಳು ಬಟಾಣಿಯ ಸಿಪ್ಪೆಯೊಳಗೆ ನಿಂತಿತು. “ಜನ ಏನಂದ್ರು?”

“ನಕ್ಕರು. ಚಪ್ಪಾಳೆ ತಟ್ಟಿದ್ರು.”

“ನಗೋ ಹಾಗೆ ಹೇಳಿದ್ಯಾ, ನೆಟ್ಟಗೆ ಹೇಳಿದ್ಯಾ?”

ಅವನು ನನ್ನ ಮುಖ ನೋಡಿದ, ಮಗಳ ಮುಖ ನೋಡಿದ. ಮಗಳು ಬಾಯಿ ತೆರೆಯಲಿಲ್ಲ. ಅವಳಿಗೂ ಉತ್ತರ ಗೊತ್ತಾಗಿತ್ತು.

“ಹಾಗಾದ್ರೆ ಅದು ಹೇಳಿದಂಗಲ್ಲ” ಎಂದರು ಅತ್ತೆ, ಮುಂದಿನ ಕಾಯಿ ಬಿಡಿಸುತ್ತ. “ಮುಂದಿನ ಶನಿವಾರ ಇನ್ನೊಂದ್ಸಲ ಹೇಳು. ಯಾರೂ ನಗದೇ ಇದ್ದ ದಿನ ಬಾ, ನಾನು ಕೋಟು ಹಾಕ್ಕೊಂಡು ಬರ್ತೀನಿ.”